ಬಾಡಿಗೆ ಯಾರು ಕಟ್ತಾರೆ? ಶ್ಯಾಡೋರನ್ ಕಾದಂಬರಿ ಆರಿಸೋದ್ರಲ್ಲಿ ನನ್ನ ಅನುಭವ

ನಮ್ಮ ಗುಂಪು ಸೇರೋದು ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ, ಶಿವಮೊಗ್ಗದ ದುರ್ಗಿಗುಡಿಲಿ, ನಮ್ಮ ಜೆರಾಕ್ಸ್ ಅಂಗಡಿ ಮೇಲಿನ ರೂಮಲ್ಲಿ. ಆಡೋರು ನಾಲ್ಕು ಜನ, ಆಟ ನಡೆಸೋಳು ನಾನು. ನನ್ನ ಅಕ್ಕನ ಮಗ, ನನ್ನ ಜೊತೆ ಓದಿದ ಒಬ್ಬಳು ನರ್ಸು, ರಿಟೈರ್ ಆಗಿರೋ ಒಬ್ರು ಇಂಗ್ಲಿಷ್ ಮೇಷ್ಟ್ರು, ಆಮೇಲೆ ಸಾಗರ ಊರಿನಾಚೆಯಿಂದ ಬಸ್ಸಲ್ಲಿ ಬರೋ ಒಬ್ಬ ಅಡಿಕೆ ತೋಟದ ಗೆಳೆಯ. 2018ರಿಂದ ಆಡ್ತಿದೀವಿ, ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ಒಂದೆರಡು ತಿಂಗಳು ನಿಲ್ಲುತ್ತೆ, ಅದು ಮತ್ತೆ ಕೊರೋನಾ ಬಂದ್ ದಿನಗಳು ಬಿಟ್ರೆ ಬೇರೆ ಯಾವಾಗ್ಲೂ ತಪ್ಪಿಲ್ಲ.

ಆಡೋದು ಶ್ಯಾಡೋರನ್. ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. 1989ರಲ್ಲಿ ಅಮೆರಿಕದ ಶಿಕಾಗೋದ ಫಾಸಾ ಅನ್ನೋ ಕಂಪನಿ ತಂದಿದ್ದು, ಟೇಬಲ್ ಸುತ್ತ ಕೂತು ಆರು ಮುಖದ ದಾಳ ಹಿಡಿ ತುಂಬ ತಗೊಂಡು ಹಾಕ್ತಾ ಆಡೋ ರೋಲ್‌ಪ್ಲೇಯಿಂಗ್ ಆಟ, ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಮಾತಲ್ಲೇ ಕಥೆ ಕಟ್ಟೋದು. ಅದರ ಲೋಕದಲ್ಲಿ 2011ರ ಡಿಸೆಂಬರ್ 24ಕ್ಕೆ ಜಪಾನಿನ ಫ್ಯೂಜಿ ಬೆಟ್ಟದ ಮೇಲೆ ಡ್ರ್ಯಾಗನ್ ಕಾಣಿಸ್ಕೊಳುತ್ತೆ, ಅಲ್ಲಿಂದ ಮಂತ್ರಶಕ್ತಿ ವಾಪಸ್ ಬರುತ್ತೆ, ಮನುಷ್ಯರ ಮನೇಲೇ ಚೂಪು ಕಿವಿಯ ಎಲ್ಫ್ ಮಕ್ಕಳು, ಕುಳ್ಳ ಮೈಯ ಡ್ವಾರ್ಫ್ ಮಕ್ಕಳು ಹುಟ್ತಾವೆ, ಇನ್ನೊಂದು ಕಡೆ ಕಂಪನಿಗಳು ಸರ್ಕಾರಗಳಿಗಿಂತ ದೊಡ್ಡದಾಗಿ ಬೆಳೆದು ಅವರದೇ ಕಾನೂನು ಅವರದೇ ಪೊಲೀಸು ಅಂತ ಆಗಿರುತ್ತೆ. ಈ ಕಂಪನಿಗಳು ಒಬ್ರ ಮನೆಯಿಂದ ಇನ್ನೊಬ್ರು ಕದಿಯಕ್ಕೆ ದಾಖಲೆ ಇಲ್ಲದ ಜನನ್ನ ಕೂಲಿಗೆ ಹಿಡೀತಾರಲ್ಲ, ಅವರೇ ಶ್ಯಾಡೋರನ್ನರ್ಸ್. ಆಟ ಶುರುವಾದಾಗ ಕಥೆಯ ವರ್ಷ 2050, ಊರು ಸಿಯಾಟಲ್.

ಈ ಲೋಕದಲ್ಲಿ ಕಾದಂಬರಿಗಳೂ ಇದಾವೆ, ಒಂದೆರಡಲ್ಲ, 1990ರ ಸುಮಾರಿಗೆ ಶುರುವಾಗಿ 2001ರ ತನಕ ಇಂಗ್ಲಿಷಲ್ಲೇ 40ರ ಹತ್ತತ್ರ ಬಂದ್ವು, ಆಮೇಲೆ 2005-06ರಲ್ಲಿ ಒಂದು ಆರು, ಆಮೇಲೆ ಈಗ ಆಟ ತರ್ತಿರೋ ಕ್ಯಾಟಲಿಸ್ಟ್ ಕಂಪನಿಯವರದ್ದು ಬೇರೆ, ಜರ್ಮನ್ ಭಾಷೇಲಿ ಜರ್ಮನ್ನರೇ ಸ್ವಂತವಾಗಿ ಬರೆದಿರೋದು ಇನ್ನೊಂದು ರಾಶಿ. ಇಷ್ಟರಲ್ಲಿ ಯಾರಿಗೆ ಯಾವ್ದು ಕೊಡ್ಬೇಕು ಅನ್ನೋದೇ ನನ್ನ ತಲೆನೋವಾಗಿತ್ತು. ಏಳೆಂಟು ವರ್ಷದಲ್ಲಿ ಕೆಲವು ತಪ್ಪು ಮಾಡಿದೀನಿ, ಕೆಲವು ಸಲ ಬರೋಬ್ಬರಿ ಕೂತಿದೆ, ಅದನ್ನೇ ಬರೀತಾ ಇದೀನಿ.

ಶುರುವಾಗಿದ್ದು ಅಕ್ಕನ ಮಗನಿಂದ. ಅವನು ಈ ಲೋಕಕ್ಕೆ ಬಂದಿದ್ದೇ ಕಂಪ್ಯೂಟರ್ ಗೇಮ್ ಮೂಲಕ, 2014ರಲ್ಲಿ ಬಂದ ಡ್ರ್ಯಾಗನ್‌ಫಾಲ್ ಇದ್ಯಲ್ಲ, ಬರ್ಲಿನ್ ಊರಿಂದು, ಅದನ್ನ ಎರಡು ಸಲ ಆಡಿ ಮುಗಿಸಿದ್ದ. "ಚಿಕ್ಕಿ, ಇದರ ಬುಕ್ ಇದ್ರೆ ಕೊಡು, ಫಸ್ಟಿಂದ ಓದ್ತೀನಿ" ಅಂದ. ನಾನೂ ಹಂಗೇ ಅಂದ್ಕೊಂಡೆ, ಫಸ್ಟಿಂದ ಅಂದ್ರೆ ಪಬ್ಲಿಷ್ ಆದ ಆರ್ಡರಲ್ಲಿ ಒಂದು, ಎರಡು, ಮೂರು. ಬೆಂಗಳೂರಿಗೆ ಹೋದಾಗ ಹಳೇ ಪುಸ್ತಕದ ಅಂಗಡೀಲಿ ಸಿಕ್ಕಿದ್ದನ್ನೆಲ್ಲ ತಂದೆ, ಅದ್ರಲ್ಲಿ ಒಂದು ಮೂರು ಭಾಗದ ಕಥೆಯ ನಡುವಿನ ಪುಸ್ತಕ ಇತ್ತು, ಮೊದಲನೇದು ಸಿಕ್ಕಿರ್ಲಿಲ್ಲ, ಪರವಾಗಿಲ್ಲ ಅಂತ ಅದನ್ನೇ ಕೊಟ್ಟೆ. 30 ಪುಟಕ್ಕೆ ಬಿಟ್ಟ. ಯಾಕೋ ಅಂದ್ರೆ "ಇವ್ರೆಲ್ಲ ಯಾರು ಅಂತಾನೇ ಗೊತ್ತಾಗಲ್ಲ ಚಿಕ್ಕಿ, ಎಲ್ರಿಗೂ ಏನೋ ಹಳೇ ಸಿಟ್ಟಿದೆ" ಅಂದ. ಹುಡುಗ ಒಂದು ವರ್ಷ ಮತ್ತೆ ಕಾದಂಬರಿ ಕೇಳ್ಲಿಲ್ಲ. ನನಗದು ತುಂಬ ಬೇಜಾರಾಯ್ತು, ಓದೋ ಹುಡುಗನನ್ನ ನಾನೇ ಓದದಂಗೆ ಮಾಡ್ಬಿಟ್ನಲ್ಲ ಅಂತ.

ಆಗ ಕೂತು ಯೋಚ್ನೆ ಮಾಡ್ದೆ, ಈ ಕಾದಂಬರಿ ನಮಗೆ ಯಾಕೆ ಬೇಕು? ಲೋಕದ ಇತಿಹಾಸ ತಿಳ್ಕೊಳಕ್ಕಾದ್ರೆ ರೂಲ್‌ಬುಕ್ ಇದೆ, ಸೋರ್ಸ್‌ಬುಕ್‌ಗಳಿದಾವೆ, ಯಾವ ಕಂಪನಿ ಯಾವಾಗ ಯಾರನ್ನ ನುಂಗ್ತು ಅಂತ ಅಲ್ಲಿ ಅಚ್ಚುಕಟ್ಟಾಗಿ ಬರ್ದಿರ್ತಾರೆ. ಆದ್ರೆ ಆ ಲೋಕದಲ್ಲಿ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಏನು ತಿಂತಾನೆ, ಯಾರಿಗೆ ಸಾಲ ಕೊಡ್ಬೇಕು, ಯಾರ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ಅದು ರೂಲ್‌ಬುಕ್ಕಲ್ಲಿ ಸಿಗಲ್ಲ. ಅಲ್ಲಿಂದ ನಾನು ಯಾವ ಪುಸ್ತಕ ತಗೊಂಡ್ರೂ ಮೊದಲ 20 ಪುಟ ಓದಿ ಒಂದೇ ಪ್ರಶ್ನೆ ಕೇಳ್ಕೋತೀನಿ: ಇವನ ಮನೆ ಬಾಡಿಗೆ ಯಾರು ಕಟ್ತಾರೆ? ಇದಕ್ಕೆ ಉತ್ತರ ಸಿಕ್ರೆ ಪುಸ್ತಕ ಮುಂದಕ್ಕೆ, ಸಿಗ್ಲಿಲ್ಲ ಅಂದ್ರೆ ಪಕ್ಕಕ್ಕೆ. ಮುಖಪುಟದಲ್ಲಿ ಡ್ರ್ಯಾಗನ್ ಇರ್ಲಿ, ಬಂದೂಕು ಹಿಡ್ಕೊಂಡ ಎಲ್ಫ್ ಇರ್ಲಿ, ಅದು ಲೆಕ್ಕಕ್ಕಿಲ್ಲ.

ಹಂಗೆ ನೋಡ್ದಾಗ ಅಕ್ಕನ ಮಗನಿಗೆ ಎರಡನೇ ಸಲ ಕೊಟ್ಟಿದ್ದು ನೈಜೆಲ್ ಫಿಂಡ್ಲಿ ಬರೆದ ಟೂ ಎಕ್ಸ್ ಎಸ್, 1992ರದ್ದು. ಡರ್ಕ್ ಮಾಂಟ್ಗೊಮೆರಿ ಅಂತ ಸಿಯಾಟಲ್‌ನ ಒಬ್ಬ ಬಡ ಪತ್ತೇದಾರ, ಅವನೇ "ನಾನು" ಅಂತ ಕಥೆ ಹೇಳೋದು. ಟೂ ಎಕ್ಸ್ ಎಸ್ ಅಂದ್ರೆ ಆ ಊರಲ್ಲಿ ಹರಡ್ತಿರೋ ಒಂದು ಚಿಪ್ಪು, ತಲೆಗೆ ಹಾಕ್ಕೊಂಡ್ರೆ ಇನ್ನೊಬ್ಬರ ಅನುಭವ ನಮ್ಮದೇ ಅನ್ನೋ ಥರ ಆಗುತ್ತೆ, ಚಟ ಹಿಡಿಯೋ ಮಾಲು. ಇವನಿಗೆ ಕಾಸಿಲ್ಲ, ಸಿಯಾಟಲ್‌ನಲ್ಲಿ ಪೊಲೀಸ್ ಕೆಲಸದ ಕಾಂಟ್ರಾಕ್ಟ್ ಹಿಡಿದಿರೋ ಲೋನ್ ಸ್ಟಾರ್ ಅನ್ನೋ ಪ್ರೈವೇಟ್ ಕಂಪನಿ ಅಂದ್ರೆ ಇವನಿಗೆ ಭಯ, ಊರಲ್ಲಿ ಎಲ್ಲಿ ಕಾಲಿಟ್ರೆ ಏನಾಗುತ್ತೆ ಅಂತ ಮೈಯೆಲ್ಲ ಕಣ್ಣಾಗಿ ಓಡಾಡ್ತಾನೆ. ಒಂದೇ ಪುಸ್ತಕಕ್ಕೆ ಮುಗಿಯುತ್ತೆ, ಮುಂದಿನದು ಬೇಕಂದ್ರೆ ಹೌಸ್ ಆಫ್ ದಿ ಸನ್ ಅಂತ 1995ರದ್ದು, ಅದೇ ಪತ್ತೇದಾರ ಹವಾಯಿಗೆ ಹೋಗೋದು, ಬೇಡ ಅಂದ್ರೆ ಬೇಡ. ಫಿಂಡ್ಲಿ ಅದೇ 1995ರಲ್ಲೇ ತೀರ್ಕೊಂಡ್ರು, ಸಣ್ಣ ವಯಸ್ಸಲ್ಲಿ, ಈ ಲೋಕದ ರಸ್ತೆ ಗೊತ್ತಿರೋರಲ್ಲಿ ಅವರಷ್ಟು ಚೆನ್ನಾಗಿ ಬರೆದೋರು ಇನ್ನೊಬ್ರಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹುಡುಗ ನಾಲ್ಕು ದಿನಕ್ಕೆ ಮುಗಿಸ್ದ. ಮುಂದಿನ ಭಾನುವಾರ ಬಂದೋನು ಮೊದಲ್ನೇ ಸಲ ತನ್ನ ಪಾತ್ರಕ್ಕೆ ಒಂದು ಅಡ್ರೆಸ್ ಬರ್ದಿದ್ದ, ಯಾವ ಬಿಲ್ಡಿಂಗು, ಎಷ್ಟನೇ ಮಹಡಿ, ಪಕ್ಕದ ಮನೇಲಿ ಯಾರು, ತಿಂಗಳಿಗೆ ಎಷ್ಟು ನುಯೆನ್ ಅಂತ. ನುಯೆನ್ ಅಂದ್ರೆ ಅಲ್ಲಿನ ದುಡ್ಡು. ಆವತ್ತು ನನಗೆ ಗೊತ್ತಾಯ್ತು ಸರಿಯಾದ ಪುಸ್ತಕ ಕೊಟ್ಟಿದೀನಿ ಅಂತ.

ಎರಡನೇ ವಿಷಯ ವರ್ಷದ್ದು. ಇದನ್ನ ಬಹಳ ಜನ ನೋಡಲ್ಲ, ನೋಡ್ಲೇಬೇಕು. ಶ್ಯಾಡೋರನ್ ಲೋಕ ನಿಂತಲ್ಲೇ ನಿಂತಿರಲ್ಲ, ನಮ್ಮ ಗಡಿಯಾರದ ಜೊತೆ ಅದೂ ಓಡುತ್ತೆ. 1989ರ ಪುಸ್ತಕದಲ್ಲಿ 2050, 2013ರ ಐದನೇ ಎಡಿಷನ್ನಲ್ಲಿ 2075, 2019ರ ಆರನೇದ್ರಲ್ಲಿ 2080. ಅಂದ್ರೆ 90ರ ದಶಕದ ಕಾದಂಬರಿ ಕೈಗೆ ಸಿಕ್ರೆ ಅಚ್ಚಾದ ವರ್ಷಕ್ಕೆ ಸುಮಾರು 61 ಕೂಡಿಸಿದ್ರೆ ಕಥೆಯ ವರ್ಷ ಹತ್ತಿರತ್ತಿರ ಸಿಗುತ್ತೆ. ಇದು ಯಾಕೆ ಮುಖ್ಯ ಅಂದ್ರೆ 2064ರಲ್ಲಿ ಆ ಲೋಕದ ಕಂಪ್ಯೂಟರ್ ಜಾಲ ಪೂರ್ತಿ ಬಿದ್ದುಹೋಗುತ್ತೆ, ಆಮೇಲೆ ಕಟ್ಟಿದ್ದು ವೈರ್‌ಲೆಸ್. ಅದಕ್ಕೂ ಮುಂಚಿನ ಕಥೆಗಳಲ್ಲಿ ಡೆಕ್ಕರ್ ಅನ್ನೋ ಹ್ಯಾಕರ್ ತಲೆಗೆ ವೈರ್ ಚುಚ್ಕೊಂಡೇ ಜಾಲದೊಳಗೆ ಇಳೀಬೇಕು, ಎಷ್ಟೋ ಸಲ ಕಂಪನಿಯ ಗೋಡೆ ಒಳಗೇ ಹೋಗಿ ಪ್ಲಗ್ ಹುಡುಕ್ಬೇಕು. ನಾವು ಆಡೋದು ಐದನೇ ಎಡಿಷನ್ನು, ವೈರ್‌ಲೆಸ್ ಕಾಲ. ಹಳೇ ಕಾದಂಬರಿ ಓದಿ ಬಂದೋರು "ಯಾಕೆ ದೂರದಿಂದಾನೇ ಹ್ಯಾಕ್ ಮಾಡ್ಬಾರದು?" ಅಂತಲೋ ಅಥವಾ ಅದರ ಉಲ್ಟಾನೋ ಕೇಳಿ ಗೊಂದಲ ಆಗ್ತಿತ್ತು. ಹಂಗಂತ ಹಳೇದು ಕೊಡೋದು ಬಿಡ್ಲಿಲ್ಲ, ಕೊಡೋವಾಗ ಮೊದಲ ಪುಟಕ್ಕೆ ಪೆನ್ಸಿಲಲ್ಲಿ ವರ್ಷ ಬರ್ದು, ಪಕ್ಕಕ್ಕೆ "ಇಲ್ಲಿ ಇನ್ನೂ ವೈರ್ ಇದೆ" ಅಂತ ಬರೀತೀನಿ, ಅಷ್ಟೇ ಸಾಕು. ನಿಜ ಹೇಳ್ಬೇಕಂದ್ರೆ ನನಗೆ ವೈರ್ ಇರೋ ಕಾಲದ ಕಥೆಗಳೇ ಇಷ್ಟ, ಪ್ಲಗ್ ಹುಡುಕ್ಕೊಂಡು ಒಳಗೆ ಹೋಗ್ಲೇಬೇಕು ಅನ್ನೋದ್ರಲ್ಲೇ ಅರ್ಧ ಕಥೆ ಹುಟ್ಕೊಳುತ್ತೆ.

ಮೇಷ್ಟ್ರ ವಿಷಯದಲ್ಲಿ ಆಗಿದ್ದು ನನ್ನ ದೊಡ್ಡ ತಪ್ಪು. 2019ರಲ್ಲಿ ಒಂದು ಕ್ಯಾಂಪೇನ್, ಅಂದ್ರೆ ವಾರವಾರ ಮುಂದುವರಿಯೋ ಒಂದು ಉದ್ದ ಕಥೆ, ಶುರು ಮಾಡಿದ್ದೆ, ಶಿಕಾಗೋದಲ್ಲಿ. ಆ ಲೋಕದ ಶಿಕಾಗೋಗೆ 2055ರಲ್ಲಿ ಒಂದು ದೊಡ್ಡ ಅನಾಹುತ ಆಗುತ್ತೆ, ಊರ ನಡುಭಾಗಕ್ಕೆ ಗೋಡೆ ಹಾಕಿ ಒಳಗಿರೋರನ್ನ ಒಳಗೇ ಬಿಟ್ಬಿಡ್ತಾರೆ, ಯಾಕೆ ಅನ್ನೋದು ಒಂದು ಗುಟ್ಟು. ಆ ಗುಟ್ಟಿನ ಕಡೆಗೆ ನಾಲ್ಕೂ ಜನನ್ನ ಮೆಲ್ಲಕ್ಕೆ ನಡೆಸ್ಕೊಂಡು ಹೋಗೋಣ ಅಂತ ಮೂರು ತಿಂಗಳು ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಕೂತು ಬರ್ಕೊಂಡಿದ್ದೆ, ಸಾಕ್ಷಿಗಳು, ಕಾಗದಗಳು, ಒಬ್ಬ ಸುಳ್ಳು ಹೇಳೋ ಪಾದ್ರಿ, ಎಲ್ಲ. ಅಷ್ಟರಲ್ಲಿ ಮೇಷ್ಟ್ರು "ಶಿಕಾಗೋ ಬಗ್ಗೆ ಒಂದು ಕಾದಂಬರಿ ಇದ್ರೆ ಕೊಡಮ್ಮ, ಊರು ಹೇಗಿದೆ ನೋಡ್ಕೋತೀನಿ" ಅಂದ್ರು. ನಾನು ಖುಷೀಲಿ ಟಾಮ್ ಡೌಡ್ ಬರೆದ ಬರ್ನಿಂಗ್ ಬ್ರೈಟ್ ಕೊಟ್ಬಿಟ್ಟೆ, 1994ರದ್ದು. ಒಬ್ಬ ಮಾಂತ್ರಿಕನಿಗೆ ಒಂದು ದುಡ್ಡಿರೋ ಮನೆಯ ಕಾಣೆಯಾದ ಮಗನನ್ನ ಹುಡುಕೋ ಕೆಲಸ ಸಿಗುತ್ತೆ, ಅಲ್ಲಿಂದ ಶುರು, ಬಹಳ ಚೆನ್ನಾಗಿದೆ, ಊರು ಕಣ್ಣಿಗೆ ಕಟ್ಟುತ್ತೆ. ಆದ್ರೆ ನಾನು ಬಚ್ಚಿಟ್ಟ ಗುಟ್ಟೇ ಆ ಪುಸ್ತಕದ ಹೊಟ್ಟೇಲಿರೋದು, ಅದನ್ನ ಓದಿ ಐದು ವರ್ಷ ಆಗಿತ್ತಲ್ಲ, ಕೊಡೋ ಹೊತ್ತಿಗೆ ನೆನಪೇ ಹಾರಿಹೋಗಿತ್ತು.

ಮೇಷ್ಟ್ರು ದೊಡ್ಡ ಮನುಷ್ಯ್ರು, ಎರಡು ಭಾನುವಾರ ಗೊತ್ತಿಲ್ಲದವರ ಹಾಗೆ ಆಡಿದ್ರು. ಮೂರನೇ ಸಲ ಆಟ ಮುಗಿದ್ಮೇಲೆ ಎಲ್ರೂ ಮೆಟ್ಲು ಇಳಿದು ಹೋದ್ಮೇಲೆ ನಿಂತ್ಕೊಂಡು, "ನೋಡಮ್ಮ, ನನಗೆ ಅಲ್ಲಿರೋದು ಏನು ಅಂತ ಗೊತ್ತಾಗಿದೆ, ಹುಡುಗರು ತಪ್ಪು ದಾರಿ ಹಿಡಿದಾಗ ನನ್ನ ಬಾಯಿ ತಡೆಯಕ್ಕೆ ಕಷ್ಟ ಆಗ್ತಿದೆ" ಅಂದ್ರು. ನನಗೆ ಕಣ್ಣಲ್ಲಿ ನೀರೇ ಬಂತು. ಆ ರಾತ್ರಿ ಕೂತು ಅವರ ಪಾತ್ರಕ್ಕೇ ಆ ಗುಟ್ಟು ಮೊದಲೇ ಗೊತ್ತಿತ್ತು, ಹೇಳಿದ್ರೆ ಅವರ ಮಗಳ ಜೀವಕ್ಕೆ ಅಪಾಯ ಅಂತ ಬದಲಾಯಿಸಿದೆ, ಹಾಗಾಗಿ ಅವರ ಮೌನಾನೇ ಆಟದೊಳಗಿನ ಮೌನ ಆಯ್ತು, ಕ್ಯಾಂಪೇನ್ ಉಳೀತು. ಆದ್ರೆ ಪ್ರತಿ ಸಲ ಹಂಗೆ ದಾರಿ ಸಿಗಲ್ಲ. ಈಗ ಏನ್ ಮಾಡ್ತೀನಿ ಅಂದ್ರೆ, ನಾನು ನಡೆಸ್ತಿರೋ ಊರು ಮತ್ತು ವರ್ಷದ ಕಾದಂಬರಿ ಆಡೋರಿಗೆ ಕೊಡೋದೇ ಇಲ್ಲ, ಅದೇ ಕಾಲದ ಬೇರೆ ಊರಿಂದು, ಇಲ್ಲಾಂದ್ರೆ ಅದೇ ಊರಿನ ಹಿಂದಿನ ಕಾಲದ್ದು ಕೊಡ್ತೀನಿ. ಕ್ಯಾಂಪೇನ್ ಮುಗಿದ್ಮೇಲೆ ಬೇಕಾದ್ರೆ ಅದನ್ನ ಕೊಡ್ತೀನಿ, ತಾವು ಓಡಾಡಿದ ಬೀದೀನ ಪುಸ್ತಕದಲ್ಲಿ ನೋಡಿ ಅವರಿಗೂ ಸಂತೋಷ ಆಗುತ್ತೆ. ಕೊಡೋ ಮುಂಚೆ ಕಡೇ ಪಕ್ಷ ಕೊನೇ 50 ಪುಟ ಮತ್ತೊಂದು ಸಲ ಓದ್ತೀನಿ, ನೆನಪಿನ ಮೇಲೆ ಭಾರ ಹಾಕಲ್ಲ.

ಮೂರು ಭಾಗದ ಕಥೆಗಳಲ್ಲಿ ನಾನು ಧೈರ್ಯವಾಗಿ ಕೊಡೋದು ರಾಬರ್ಟ್ ಶಾರೆಟ್ ಬರೆದಿರೋದು, ಮೊದಲನೇದು ನೆವರ್ ಡೀಲ್ ವಿತ್ ಎ ಡ್ರ್ಯಾಗನ್, 1990, ಉಳಿದೆರಡು 1991. ಸ್ಯಾಮ್ ವರ್ನರ್ ಅಂತ ರೆನ್ರಾಕು ಅನ್ನೋ ಜಪಾನಿ ಕಂಪನೀಲಿ ನಿಯತ್ತಾಗಿ ಕೆಲಸ ಮಾಡ್ಕೊಂಡಿರೋ ಹುಡುಗ, ತಂಗಿಗೆ ಮೈ ಬದಲಾಗೋ ಕಾಯಿಲೆ ಥರದ್ದು ಬಂದು ಕಂಪನಿ ಅವಳನ್ನ ಎಲ್ಲಿಟ್ಟಿದೆ ಅಂತಾನೂ ಇವನಿಗೆ ಹೇಳಲ್ಲ. ಇವನ ಬಾಡಿಗೆ ಕಂಪನಿಯೇ ಕಟ್ಟೋದು, ಊಟ ಕಂಪನಿದು, ಮನೆ ಕಂಪನಿದು, ಅದಕ್ಕೇ ಹೊರಗೆ ಬರೋದು ಅಷ್ಟು ಕಷ್ಟ. ಬೆಂಗಳೂರಿಗೆ ಹೋಗಿ ಕಂಪನಿ ಕ್ಯಾಬು, ಕಂಪನಿ ಊಟ, ಕಂಪನಿ ಇನ್ಶೂರೆನ್ಸ್ ಅಂತ ಬದುಕಿ ಒಂದಿನ ಕೆಲಸ ಹೋದಾಗ ಗಾಬರಿಯಾಗೋ ನಮ್ಮ ಹುಡುಗರಿಗೆ ಇದು ಒಂದು ಪುಟಕ್ಕೇ ಅರ್ಥ ಆಗುತ್ತೆ. ಆಮೇಲೆ ಅವನು ನಾಯಿಯನ್ನ ತನ್ನ ದೈವ ಅಂತ ನಂಬೋ ಮಾಂತ್ರಿಕ ಆಗ್ತಾನೆ, ಅದನ್ನ ಒಪ್ಪಿಕೊಳ್ಳಕ್ಕೆ ಅವನಿಗೇ ಬಹಳ ದಿನ ಬೇಕಾಗುತ್ತೆ. ಇಲ್ಲಿ ನಮ್ಮ ಟೇಬಲ್‌ನಲ್ಲಿ ಯಾರಿಗೂ ವಿವರಣೆ ಬೇಕಾಗ್ಲಿಲ್ಲ. ಚೌಡಿ ಬನಕ್ಕೆ ವರ್ಷಕ್ಕೊಂದ್ಸಲ ಹೋಗಿ ಹಣ್ಣುಕಾಯಿ ಮಾಡ್ಸೋ ಮನೆಯವರು ನಾವು, ಕಾಡಿನ ಒಂದು ಶಕ್ತಿ ಒಬ್ಬನನ್ನ ಹಿಡ್ಕೊಂಡು "ನೀನು ನನ್ನವನು" ಅನ್ನೋದು ನಮಗೆ ಹೊಸದಲ್ಲ. ಮೂರು ಭಾಗದ್ದು ಕೊಡೋದಾದ್ರೆ ಮಾತ್ರ ಮೂರೂ ಕೈಲಿದ್ರೇನೇ ಕೊಡೋದು, ಮೊದಲ ಅನುಭವದಿಂದ ಕಲಿತಿದ್ದು.

ಇನ್ನು ಪೂರ್ತಿ ಕಾದಂಬರಿ ಓದೋ ಅಭ್ಯಾಸ ಇಲ್ಲದವರಿಗೆ, ಇಂಗ್ಲಿಷ್ ಸ್ವಲ್ಪ ಕಷ್ಟ ಅನ್ನೋರಿಗೆ ಇನ್‌ಟು ದಿ ಶ್ಯಾಡೋಸ್ ಅಂತ ಸಣ್ಣಕಥೆಗಳ ಸಂಗ್ರಹ ಇದೆ, 1990ರದ್ದು, ಆಟವನ್ನ ಹುಟ್ಟುಹಾಕಿದವರಲ್ಲಿ ಒಬ್ಬರಾದ ಜೋರ್ಡನ್ ವೈಸ್‌ಮನ್ ಸಂಪಾದನೆ. ಒಂದು ಕಥೆ ಒಂದು ಸಂಜೆ.

ಭಾಷೆ ವಿಷಯ ಬಂತಲ್ಲ, ಅದೇ ನಮ್ಮ ಕಡೆಯವರಿಗೆ ದೊಡ್ಡ ಅಡ್ಡಿ. ಇಂಗ್ಲಿಷ್ ಬರುತ್ತೆ, ಆದ್ರೆ ಶ್ಯಾಡೋರನ್ ಇಂಗ್ಲಿಷ್ ಬೇರೆ, ಬೀದಿ ಮಾತೆಲ್ಲ ಅವರೇ ಹುಟ್ಟಿಸಿರೋದು. ನಾನು ಒಂದು ಚೀಟಿ ಮಾಡಿ ಪ್ರತಿ ಪುಸ್ತಕದ ಒಳಗೆ ಇಡ್ತೀನಿ, ಅಂಗಡೀಲೇ ಜೆರಾಕ್ಸ್ ಮಾಡ್ಕೊಂಡಿದ್ದು. ಚಮ್ಮರ್ ಅಂದ್ರೆ ಮಾರಾಯ. ಡ್ರೆಕ್ ಅಂದ್ರೆ ಹೊಲಸು. ಫಿಕ್ಸರ್ ಅಂದ್ರೆ ದಲ್ಲಾಳಿ, ಎರಡೂ ಕಡೆ ಗೊತ್ತಿದ್ದು ಎರಡೂ ಕಡೆ ಕಮಿಷನ್ ತಗೊಳೋನು. ಮಿಸ್ಟರ್ ಜಾನ್ಸನ್ ಅಂದ್ರೆ ಕೆಲಸ ಕೊಡೋ ಹೆಸರಿಲ್ಲದ ಮನುಷ್ಯ, ಯಾವ ಕಂಪನಿಯವನು ಅಂತ ಹೇಳಲ್ಲ. ಇದನ್ನ ವಿವರಿಸೋದು ಹೇಗೆ ಅಂತ ಯೋಚಿಸ್ತಿದ್ದಾಗ ನಮ್ಮ ಸಾಗರದ ಗೆಳೆಯನೇ ಹೇಳಿದ, "ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡ್ತಾರಲ್ಲ ಮಾರಾಯ್ತಿ, ಅದೇ, ಮುಖ ಕಾಣುತ್ತೆ, ಮಾತು ಕಾಣಲ್ಲ" ಅಂತ. ಚೀಟಿಗೆ ಅದನ್ನೇ ಬರ್ದೆ. ಹತ್ತು ಹನ್ನೆರಡು ಪದ ಗೊತ್ತಾದ್ರೆ ಉಳಿದಿದ್ದು ಓದ್ತಾ ಓದ್ತಾ ತಾನೇ ಬರುತ್ತೆ.

ಒಂದು ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಆಟದ ಇತಿಹಾಸದಲ್ಲಿ 2021ರ ಏಪ್ರಿಲ್ 30ಕ್ಕೆ ಗಾಬ್ಲಿನೈಸೇಷನ್ ಅಂತ ಆಗುತ್ತೆ, ಪ್ರಪಂಚದ ಹತ್ತರಲ್ಲಿ ಒಬ್ಬ ಮನುಷ್ಯ ಇದ್ದಕ್ಕಿದ್ದಂಗೆ ನೋವಲ್ಲಿ ಮೈ ಮುರ್ಕೊಂಡು ಕೋರೆಹಲ್ಲಿನ ಓರ್ಕ್ ಅಥವಾ ದೈತ್ಯ ಮೈಯ ಟ್ರೋಲ್ ಆಗ್ಬಿಡ್ತಾನೆ. ನಿಜವಾದ 2021ರ ಏಪ್ರಿಲ್ 27ರ ರಾತ್ರಿಯಿಂದ ನಮ್ಮ ರಾಜ್ಯದಲ್ಲಿ ಕೊರೋನಾ ಎರಡನೇ ಅಲೆಗೆ ಎಲ್ಲ ಬಂದ್ ಆಯ್ತಲ್ಲ, ಅಂಗಡಿ ಶಟರ್ ಎಳ್ದು ನಾನು ತೀರ್ಥಹಳ್ಳಿ ಕಡೆ ನಮ್ಮ ಅಮ್ಮನ ಮನೆಗೆ ಹೋಗಿದ್ದೆ, ನಮ್ಮ ನರ್ಸ್ ಗೆಳತಿ ಮಾತ್ರ ವಾರ್ಡಲ್ಲಿ ಡ್ಯೂಟಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಎಂತಾದ್ರೂ ಓದಿ ಹೇಳೇ, ನಿದ್ದೆ ಬರ್ತಿಲ್ಲ" ಅಂತಿದ್ಲು. ಕೈಗೆ ಸಿಕ್ಕಿದ್ದು ಕ್ರಿಸ್ ಕುಬಾಸಿಕ್ ಬರೆದ ಚೇಂಜ್‌ಲಿಂಗ್, 1992ರದ್ದು. ಪೀಟರ್ ಅನ್ನೋ ಹುಡುಗ ಟ್ರೋಲ್ ಆಗ್ತಾನೆ, ಅಪ್ಪ ದೊಡ್ಡ ವಿಜ್ಞಾನಿ, ಹುಡುಗ ಮತ್ತೆ ಮನುಷ್ಯ ಆಗೋ ದಾರಿ ಹುಡುಕ್ತಾ ಶಿಕಾಗೋದ ಬೀದೀಲಿ ಬದುಕ್ತಾನೆ. ಓದಿ ಹೇಳೋಕೆ ಹಿಂದೇಟು ಹಾಕ್ದೆ, ಇಂಥ ಟೈಮಲ್ಲಿ ಇದು ಬೇಕಾ ಅಂತ. ಅವಳೇ ಬೇಕು ಅಂದ್ಲು. ಅವಳ ಅಮ್ಮನ ಮನೆ ಸೊರಬದ ಕಡೆ, 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾಗಿದ್ದೇ ಅಲ್ಲಿನ ಕ್ಯಾಸನೂರು ಕಾಡಲ್ಲಿ, ಜ್ವರ ಬಂದ ಮನೆ ಕಡೆ ಜನ ಹೋಗದೇ ಇರೋ ಕಥೆ ಅವಳು ಅಜ್ಜಿ ಬಾಯಲ್ಲಿ ಕೇಳಿ ಬೆಳೆದೋಳು. ದಿನಕ್ಕೊಂದು ಅಧ್ಯಾಯದಂತೆ ಓದ್ತಾ ಕನ್ನಡದಲ್ಲಿ ಹೇಳ್ತಾ ಹೋದೆ, ಹೊರಗೆ ಗುಡುಗು ಮಳೆ, ಕರೆಂಟಿಲ್ಲ, ಫೋನಿನ ಚಾರ್ಜ್ ನೋಡ್ಕೋತಾ. ಒಂದು ರಾತ್ರಿ ಅವಳು ತಡೆದು "ಇವನನ್ನ ಮುಟ್ಟೋರು ಯಾರಾದ್ರೂ ಬರ್ತಾರಾ ಇಲ್ವಾ, ಅದೊಂದು ಹೇಳ್ಬಿಡು, ಆಮೇಲೆ ಓದು" ಅಂದ್ಲು. ಬರ್ತಾರೆ ಅಂದೆ. ಪಿಪಿಇ ಕಿಟ್ ಹಾಕ್ಕೊಂಡು ಎಂಟು ಗಂಟೆ ನಿಂತು ಬಂದೋಳು ಅವಳು, ಆ ಪ್ರಶ್ನೆ ಪುಸ್ತಕದ್ದಲ್ಲ ಅಂತ ನನಗೆ ಗೊತ್ತಿತ್ತು. ಹೀಗೆ ಆಟದ ಜೊತೆಗೆ ಬರೋ ಟೈ-ಇನ್ ಕಾದಂಬರಿ ಅಂದ್ರೆ ಮೂಗು ಮುರಿಯೋರು ಇದಾರೆ, ಆಟದ ಸಾಮಾನು ಮಾರಕ್ಕೆ ಬರ್ಸಿದ್ದು ಅಂತಾರೆ, ಅವರಿಗೆ ನಾನು ಹೇಳೋದು ಈ ಪುಸ್ತಕದ ಹೆಸರು.

ತಳ್ಳಿಹಾಕೋದು ಯಾವುದನ್ನ ಅಂತಾನೂ ಹೇಳ್ಬೇಕಲ್ಲ. ಓದ್ತಾ ಓದ್ತಾ ದಾಳದ ಸದ್ದು ಕೇಳಿಸಿದ್ರೆ ಇಟ್ಬಿಡ್ತೀನಿ. ಅಂದ್ರೆ ಬಂದೂಕಿನ ಕಂಪನಿ, ಮಾಡೆಲ್ಲು, ಜಾಕೆಟ್ಟಿನ ಬ್ರ್ಯಾಂಡು ಎಲ್ಲ ರೂಲ್‌ಬುಕ್ಕಿನ ಪಟ್ಟಿ ಥರ ಬರ್ತಾ ಹೋದ್ರೆ, ಮಂತ್ರ ಹಾಕಿದ ತಕ್ಷಣ ಎಷ್ಟು ಸುಸ್ತಾಯ್ತು ಅನ್ನೋದು ಲೆಕ್ಕ ಹಾಕಿದಂಗೆ ಇದ್ರೆ, ಅದು ಯಾರದೋ ಆಟದ ವರದಿ ಆಯ್ತು. ಅದೇ ರೂಲನ್ನ ಒಳ್ಳೆ ಲೇಖಕರು ಹೇಗೆ ತರ್ತಾರೆ ನೋಡಿ, ಆಟದಲ್ಲಿ ಎಸೆನ್ಸ್ ಅಂತ ಪ್ರತಿಯೊಬ್ಬನಿಗೂ 6 ಅಂಕ, ಮೈಯೊಳಗೆ ಯಂತ್ರ ಕೂರಿಸ್ದಂಗೆಲ್ಲ ಅದು ಕಮ್ಮಿಯಾಗ್ತಾ ಹೋಗುತ್ತೆ, ಮಂತ್ರಶಕ್ತಿ ಇದ್ರೆ ಅದೂ ಸೋರುತ್ತೆ. ಒಳ್ಳೆ ಕಾದಂಬರೀಲಿ ಆ ಅಂಕ ಎಲ್ಲೂ ಕಾಣಲ್ಲ, ಕಬ್ಬಿಣದ ಕೈ ಹಾಕಿಸ್ಕೊಂಡೋನು ಮಗೂನ ಎತ್ಕೊಳಕ್ಕೆ ಹೆದ್ರೋದು ಕಾಣುತ್ತೆ. ಇಂಥ ಒಂದು ಸೀನ್ ಇದ್ರೆ ಉಳಿದ ಹತ್ತು ತಪ್ಪು ಕ್ಷಮಿಸ್ತೀನಿ.

ಡಂಕಲ್‌ಜಾನ್ ಅನ್ನೋ ಡ್ರ್ಯಾಗನ್ 2057ರಲ್ಲಿ ಎಲೆಕ್ಷನ್ ಗೆದ್ದು ಪ್ರೆಸಿಡೆಂಟ್ ಆಗಿ ಪ್ರಮಾಣವಚನದ ರಾತ್ರೀನೇ ಸಾಯುತ್ತಲ್ಲ, ಅದರ ಸುತ್ತ ಜ್ಯಾಕ್ ಕೋಕ್ ಬರೆದ ಮೂರು ಪುಸ್ತಕ ಇದಾವೆ, 1997-98ರವು. ಲೋಕದ ದೊಡ್ಡ ಕಥೆ ಅಂದ್ರೆ ಇದೇ, ಇಷ್ಟಪಡೋರು ಬಹಳ ಜನ, ನಾನೂ ಓದಿದೀನಿ. ಹೊಸಬರಿಗೆ ಮಾತ್ರ ಕೊಡಲ್ಲ. ಅಲ್ಲಿ ಎಲ್ಲರೂ ಲೋಕ ಉಳಿಸೋ ಕೆಲಸದಲ್ಲಿರ್ತಾರೆ, ಬಾಡಿಗೆ ಕಟ್ಟೋರು ಕಮ್ಮಿ. ಎರಡು ವರ್ಷ ಆಡಿ ಆ ಡ್ರ್ಯಾಗನ್ ಹೆಸರು ಹತ್ತು ಸಲ ಕೇಳಿದೋರಿಗೆ ಕೊಟ್ರೆ ಅದೇ ಪುಸ್ತಕ ಬೇರೆಯಾಗಿ ಓದಿಸ್ಕೊಳುತ್ತೆ. ಇನ್ನೊಂದು, ಹಳೇ ಕಾದಂಬರಿಗಳಲ್ಲಿ ಜಪಾನಿಯರ ಬಗ್ಗೆ, ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬರೆದಿರೋದು ಕೆಲವು ಕಡೆ ಒರಟಾಗಿದೆ. ಜಪಾನ್ ದುಡ್ಡು ಅಮೆರಿಕಾನೇ ಕೊಂಡ್ಕೊಂಡ್ಬಿಡುತ್ತೆ ಅನ್ನೋ 80ರ ದಶಕದ ಭಯ ಅದ್ರಲ್ಲಿ ಹಂಗೇ ಉಳ್ಕೊಂಡಿದೆ. ಕೊಡೋವಾಗ ಇದನ್ನ ಬಾಯಲ್ಲಿ ಹೇಳೇ ಕೊಡ್ತೀನಿ, ಮುಚ್ಚಿಡಲ್ಲ.

ಹಳೇ ಪ್ರತಿ ತಗೊಳೋರಿಗೆ ಒಂದು ಮಾತು. ಇವೆಲ್ಲ ಸಣ್ಣ ಸೈಜಿನ ಅಗ್ಗದ ಪೇಪರ್‌ಬ್ಯಾಕ್, 30 ವರ್ಷದ ಹಳೇ ಗೋಂದು, ನಮ್ಮ ಮಲೆನಾಡಿನ ಮಳೆಗಾಲಕ್ಕೆ ತಡೆಯಲ್ಲ. ಮೊದಲ ವರ್ಷ ಕಪಾಟಲ್ಲಿಟ್ಟಿದ್ದು ಆಗಸ್ಟ್‌ನಲ್ಲಿ ನೋಡಿದ್ರೆ ಬೂಷ್ಟು ಬಂದು ಹಾಳೆ ಒಂದಕ್ಕೊಂದು ಅಂಟ್ಕೊಂಡಿತ್ತು. ಈಗ ಜೂನ್ ಬರೋ ಮುಂಚೆ ಒಂದೊಂದನ್ನೂ ಪೇಪರಲ್ಲಿ ಸುತ್ತಿ ಅಮ್ಮನ ಮನೇಲಿ ಒಲೆ ಮೇಲಿನ ಅಟ್ಟಕ್ಕೆ ಹಾಕ್ತೀನಿ, ಬೆಚ್ಚಗಿರುತ್ತೆ. ಸ್ವಲ್ಪ ಹೊಗೆ ವಾಸನೆ ಬರುತ್ತೆ, ಹಾಳೆ ಉಳಿಯುತ್ತೆ. ಹಳೇ ಕಾದಂಬರಿಗಳಲ್ಲಿ ಕೆಲವನ್ನ ಶ್ಯಾಡೋರನ್ ಲೆಜೆಂಡ್ಸ್ ಅಂತ ಇ-ಬುಕ್ ಆಗಿ ಮತ್ತೆ ತಂದಿದಾರೆ, ಸಿಕ್ಕಿದ್ದು ಹಂಗೆ ಕೊಂಡ್ಕೊಳೋದೇ ಸುಲಭ, ಆದ್ರೆ ಒಬ್ರ ಕೈಯಿಂದ ಇನ್ನೊಬ್ರ ಕೈಗೆ ಕೊಡಕ್ಕೆ ಕಾಗದದ್ದೇ ಬೇಕು ನನಗೆ.

ಕೊನೆಗೆ ಸಾಗರದ ಗೆಳೆಯ. ಅವನಿಗೆ ಪುಸ್ತಕ ಆರ್ಸೋದೇ ಎಲ್ಲರಿಗಿಂತ ಕಷ್ಟ ಆಯ್ತು, ಯಾಕಂದ್ರೆ ಅವನು ಬೇಕು ಅಂತ ಕೇಳೋನೇ ಅಲ್ಲ. ಅವನ ಅಜ್ಜನ ಊರು ಲಿಂಗನಮಕ್ಕಿ ಡ್ಯಾಮಿನ ನೀರಲ್ಲಿ ಮುಳುಗಿದ್ದು, 1964ರಲ್ಲಿ ಡ್ಯಾಮ್ ಆಗಿದ್ದಲ್ಲ, ಶರಾವತಿ ಮುಳುಗಡೆಯವರು ಅಂತ ಕರೀತಾರಲ್ಲ, ಆ ಮನೆತನ. ಕೊಟ್ಟ ಜಾಗದಲ್ಲಿ ತೋಟ ಮಾಡಿ ಮೂರು ತಲೆಮಾರಾದ್ರೂ ಹಕ್ಕುಪತ್ರ ಕೈಗೆ ಬಂದಿಲ್ಲ. ಆಟದಲ್ಲಿ ಸಿನ್ ಅಂತ ಒಂದಿದೆ, ಪ್ರತಿಯೊಬ್ಬ ಪ್ರಜೆಗೂ ಸರ್ಕಾರವೋ ಕಂಪನಿಯೋ ಕೊಡೋ ಗುರುತಿನ ನಂಬರು, ಅದಿಲ್ಲದೋನು ಲೆಕ್ಕದಲ್ಲೇ ಇಲ್ಲ, ಆಸ್ಪತ್ರೆ ಇಲ್ಲ, ಬ್ಯಾಂಕಿಲ್ಲ, ಸತ್ರೆ ಕೇಳೋರಿಲ್ಲ. ನಾನು ಮೊದಲ ದಿನ ಇದನ್ನ ಹೇಳಿದಾಗ ಉಳಿದೋರು ಪ್ರಶ್ನೆ ಕೇಳಿದ್ರು, ಅವನು ಒಬ್ಬನೇ ಸುಮ್ನೆ ತಲೆ ಆಡ್ಸಿದ್ದ.

ಅವನಿಗೆ ಮೂಲನಿವಾಸಿಗಳು ಮಂತ್ರ ಹಾಕಿ ನೆಲ ವಾಪಸ್ ತಗೊಳೋ ಭಾಗ ಇಷ್ಟ ಆಗ್ಬಹುದು ಅಂತ ಮೊದಲು ಅಂದ್ಕೊಂಡಿದ್ದೆ, ಆಟದ ಇತಿಹಾಸದಲ್ಲಿ 2017ರಲ್ಲಿ ಗ್ರೇಟ್ ಗೋಸ್ಟ್ ಡ್ಯಾನ್ಸ್ ಮಾಡಿ ಜ್ವಾಲಾಮುಖಿಗಳನ್ನೇ ಎಬ್ಬಿಸ್ತಾರೆ, ಅದು. ಆ ಕಥೆ ಹೇಳಿದೆ. ಕೇಳಿ "ಚೆನ್ನಾಗಿದೆ, ಆದ್ರೆ ನಮ್ಮೋರು ಯಾರೂ ಕುಣೀಲಿಲ್ಲ, ಲಾರಿ ಹತ್ತಿದ್ರು" ಅಂದ. ಆಮೇಲೆ ನಾನು ಆ ದಾರಿ ಬಿಟ್ಟು ಟೂ ಎಕ್ಸ್ ಎಸ್‌ನ ಕೊಟ್ಟೆ, ಅಕ್ಕನ ಮಗ ಓದಿದ ಅದೇ ಪ್ರತಿ, ಹೊಗೆ ವಾಸನೆದು, ಒಳಗೆ ಚೀಟಿ ಸಮೇತ. ಅಡಿಕೆ ಸುಲಿಯೋ ಸೀಸನ್ನಲ್ಲಿ ರಾತ್ರಿ ಓದಿದಾನೆ, ಎರಡು ತಿಂಗಳು ಹಿಡೀತು. ಜನವರಿಲಿ ಮತ್ತೆ ಆಟ ಶುರುವಾದಾಗ ನಾವೊಂದು ಕೆಲಸ ಮುಗಿಸಿದ್ವಿ, ಮಿಸ್ಟರ್ ಜಾನ್ಸನ್ ತಲೆಗೆ 10,000 ನುಯೆನ್ ಕೊಟ್ಟ, ಎಲ್ರೂ ಹೊಸ ಬಂದೂಕು, ಹ್ಯಾಕ್ ಮಾಡಕ್ಕೆ ಹೊಸ ಡೆಕ್ ಅಂತ ಲಿಸ್ಟ್ ಮಾಡ್ತಾ ಕೂತಿದ್ರು. ಇವನು ರೂಲ್‌ಬುಕ್ ತಿರುವಿ ಕಳ್ಳ ಸಿನ್‌ನ ರೇಟ್ ನೋಡಿ, "ಇಷ್ಟರಲ್ಲಿ ಯಾವ ದರ್ಜೆದು ಬರುತ್ತೆ?" ಅಂತ ಕೇಳ್ದ. ನಿನ್ನ ಪಾತ್ರದ ಹತ್ರ ಒಂದು ಇದ್ಯಲ್ಲ ಅಂದೆ.

"ನನಗಲ್ಲ ಮಾರಾಯ್ತಿ, ಅಪ್ಪಂಗೆ" ಅಂದ. ಆವತ್ತಿನ ತನಕ ಅವನ ಪಾತ್ರಕ್ಕೆ ಅಪ್ಪ ಇದಾನೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ದಾಳ ಪಕ್ಕಕ್ಕಿಟ್ಟು ಅಪ್ಪ ಎಲ್ಲಿರ್ತಾರೆ, ಏನ್ ಕೆಲಸ ಮಾಡ್ತಾರೆ, ಹೆಸರೇನು ಅಂತ ಒಂದೊಂದೇ ಕೇಳಿ ಬರ್ಕೊಂಡೆ, ಆ ಭಾನುವಾರ ಅಷ್ಟರಲ್ಲೇ ಸಾಗರದ ಬಸ್ಸಿನ ಟೈಮ್ ಆಯ್ತು.